ಸತ್ಯಾಂಶ: ಚರ್ಮಗಂಟು ರೋಗದ ಹಸುವಿನ ಹಾಲು ಕುಡಿದರೆ ನಮಗೂ ಗಂಟು ಏಳುತ್ತಾ?

ಮಂಡ್ಯದ ಕಡೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೋ ಮತ್ತೆ ಓಡಾಡುತ್ತಿದೆ. ಮೈತುಂಬ ಗಂಟೆದ್ದ ಹಸು, ಪಕ್ಕದಲ್ಲಿ ಗುಳ್ಳೆ ಎದ್ದ ಮನುಷ್ಯನ ಕೈ. ಕೆಳಗೆ, ‘ಈ ಹಾಲು ಕುಡಿದರೆ ನಿಮಗೂ ಇದೇ ಗತಿ.’

ಹಾಗಾಗುವುದಿಲ್ಲ. ಚರ್ಮಗಂಟು ರೋಗದ ವೈರಸ್ ದನ, ಎಮ್ಮೆಗಳದ್ದು, ಮನುಷ್ಯರಿಗೆ ಅಂಟುವುದಿಲ್ಲ. ಕುರಿ-ಮೇಕೆ ಸಿಡುಬಿನ ವೈರಸ್‌ಗೆ ಇದು ಹತ್ತಿರದ ನೆಂಟ. ಅದಕ್ಕೇ 2022ರಲ್ಲಿ ರೋಗ ಜೋರಾದಾಗ ನಮ್ಮ ದನಗಳಿಗೆ ಮೇಕೆ ಸಿಡುಬಿನ ಲಸಿಕೆಯನ್ನೇ ಹಾಕಿದ್ದು. ಹರಡುವುದು ಹೆಚ್ಚಾಗಿ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ. ಕೊಟ್ಟಿಗೆ ಪಕ್ಕದ ತಿಪ್ಪೆ, ನಿಂತ ನೀರು ನೋಡಿದರೆ ಅರ್ಥವಾಗುತ್ತೆ ಅಲ್ವಾ? ಹಾಲನ್ನು ಕಾಯಿಸಿ ಕುಡಿಯಿರಿ, ಅದು ಯಾವ ಹಸುವಿನದಾದರೂ.

ಆದರೆ ಹಾಲಿನ ವಿಷಯದಲ್ಲಿ ನಿಜವಾಗಿ ಎಚ್ಚರ ಬೇಕಾದ ಮಾತೊಂದಿದೆ, ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ! ಗಂಟು ಒಡೆದು ಕೀವಾದರೆ ಡಾಕ್ಟರು ಆಂಟಿಬಯೋಟಿಕ್ ಸೂಜಿ ಹಾಕುತ್ತಾರೆ. ಆ ಔಷಧಿ ಹಾಲಿಗೂ ಇಳಿಯುತ್ತದೆ. ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಸೂಜಿ ನಿಂತ ಮೇಲೂ ಇಂತಿಷ್ಟು ದಿನ ಆ ಹಾಲನ್ನು ಡೈರಿಗೆ ಹಾಕಬಾರದು, ಮನೆಗೂ ಬಳಸಬಾರದು. ಎಷ್ಟು ದಿನ ಅನ್ನುವುದು ಔಷಧಿಯ ಮೇಲೆ ಹೋಗುತ್ತೆ. ‘ಎಷ್ಟು ದಿನ ಹಾಲು ಬಳಸಬಾರದು ಸಾರ್?’ ಅಂತ ಆಗಲೇ ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಹಸುವಿಗೆ ಜ್ವರ ಬಂದು ಹಾಲು ಇಳಿದರೆ ಮೊದಲು ಅದನ್ನು ಬೇರೆ ಕಟ್ಟಿ. ಆಮೇಲೆ ಪಶು ಆಸ್ಪತ್ರೆಗೆ ಫೋನ್ ಮಾಡಿ.