ಆಕ್ಸಿಲರೇಟರ್ ಒತ್ತಿದರೆ ಹಾಡುವ ಕಾರು

ಕಾರಿನ ಸ್ಪೀಕರ್‌ನಿಂದ ಬರುವ ಬೇಡದ ಸದ್ದುಗಳಲ್ಲೂ ತರಾವರಿ ಇವೆ. ಇಂಜಿನ್ ಆಫ್ ಇದ್ದರೂ ಬುಸ್ಸೆನ್ನುವುದು ಒಂದು. ಇಂಡಿಕೇಟರ್ ಹಾಕಿದರೆ ಟಿಕ್ ಟಿಕ್ ಅನ್ನುವುದು ಇನ್ನೊಂದು. ಸ್ಟೀರಿಯೋ ಆಫ್ ಮಾಡುವಾಗ ಎದೆ ಧಸಕ್ಕೆನ್ನುವಂತೆ ಡಬ್ ಅನ್ನುವುದು ಮತ್ತೊಂದು. ನನ್ನ ಪಾಲಿಗೆ ಬಂದದ್ದು ಕುಂಯ್. ಆಕ್ಸಿಲರೇಟರ್ ಒತ್ತಿದರೆ ಕುಂಯ್ ಮೇಲೇರುತ್ತದೆ, ಕಾಲು ತೆಗೆದರೆ ಇಳಿಯುತ್ತದೆ, ಗೇರ್ ಬದಲಿಸಿದಾಗ ಒಂದು ಗಮಕ. ಗಾಯಕಿ ಯಾವ ಶ್ರುತಿಯಲ್ಲಾದರೂ ಹಾಡಿಕೊಳ್ಳಲಿ, ಕರೆಯದೆ ವೇದಿಕೆ ಹತ್ತಿದ ಪಕ್ಕವಾದ್ಯದವನ ಹಾಗೆ ಇದು ತನ್ನ ಪಾಡಿಗೆ ತಾನು ನುಡಿಸುತ್ತಿತ್ತು.

ಡಿಕ್ಕಿಯಲ್ಲಿ ಹೊಸ ಆಂಪ್ಲಿಫೈಯರ್ ಕೂರಿಸಿದ ಮೇಲೆ ಶುರುವಾದದ್ದು. ಕೂರಿಸಿದವನು ಇಂಜಿನ್ ಆಫ್ ಇಟ್ಟು, ವಾಲ್ಯೂಮ್ ಏರಿಸಿ, “ಹೆಂಗಿದೆ ಸಾರ್?” ಅಂದಿದ್ದ. ತುಂಬಾ ಚೆನ್ನಾಗಿತ್ತು. ಇಂಜಿನ್ ಆಫ್ ಇದ್ದರೆ ಎಲ್ಲ ಕಾರುಗಳೂ ಚೆನ್ನಾಗಿಯೇ ಹಾಡುತ್ತವೆ. ದೂರು ತೆಗೆದುಕೊಂಡು ವಾಪಸ್ ಹೋದಾಗ ಇಂಜಿನ್ ಆನ್ ಮಾಡಿದ, ಸರಿ. ಆದರೆ ಜತೆಗೆ ಗಾಜು ನಡುಗುವ ಹಾಗೆ ಹಾಡನ್ನೂ ಹಾಕಿ, “ಎಲ್ಲಿ ಸಾರ್, ಏನೂ ಕೇಳ್ತಿಲ್ವಲ್ಲ!” ಎಂದು ಕಿರುಚಿದ. ಅವನ ಮಾತೇ ನನಗೆ ಕೇಳಲಿಲ್ಲ, ಇನ್ನು ಕುಂಯ್ ಎಲ್ಲಿ ಕೇಳಬೇಕು?

ಅದು ಬರುವುದು ಎರಡು ಹಾಡುಗಳ ನಡುವೆ. ಇಲ್ಲವೇ ಗಾಯಕಿ ಉಸಿರು ತೆಗೆದುಕೊಳ್ಳುವಾಗ. ಹೆಂಡತಿಗೆ ಮೊದಲು ಕೇಳಿಸುತ್ತಲೇ ಇರಲಿಲ್ಲ. “ಈಗ ಕೇಳು, ಈಗ, ಈಗ ಏರ್ತಾ ಇದೆ ನೋಡು” ಎಂದು ನಾನೇ ಹಟ ಹಿಡಿದು ಕಲಿಸಿದೆ. ಕಲಿತಳು. ಅಂದಿನಿಂದ ಕಾರು ಹತ್ತಿದರೆ ಹಾಡು ಬಿಟ್ಟು ಅದನ್ನೇ ಕೇಳುತ್ತಾಳೆ. ಮೂರನೇ ಗೇರ್‌ಗೆ ಹಾಕುವುದು ತಡವಾದರೆ, “ಜಾಸ್ತಿ ಕುಂಯ್ಗುಡ್ತಿದೆ, ಗೇರ್ ಬದಲಿಸಿ” ಅನ್ನುತ್ತಾಳೆ. ಡ್ರೈವಿಂಗ್ ಸುಧಾರಿಸಿತು ಅನ್ನಬೇಕು.

ಇಂಥ ರೋಗಕ್ಕೆ ಔಷಧಿ ಹೇಳದವರಿಲ್ಲ. ಒಬ್ಬರು ಬ್ಯಾಟರಿ ಬದಲಿಸಿ ಅಂದರು. ಇನ್ನೊಬ್ಬರು ಚಿನ್ನದ ಲೇಪದ, ಹೆಬ್ಬೆರಳು ದಪ್ಪದ ಆರ್‌ಸಿಎ ಕೇಬಲ್ (ಸ್ಟೀರಿಯೋದಿಂದ ಆಂಪ್ಲಿಫೈಯರ್‌ಗೆ ಹಾಡು ಒಯ್ಯುವ ವೈರು) ಹಾಕಿ ಅಂದರು. ಪಕ್ಕದ ಮನೆಯವರು ಬಾನೆಟ್ ಮೇಲೆ ಕಿವಿಯಿಟ್ಟು, “ಆಲ್ಟರ್ನೇಟರ್ ಹೋಯ್ತು” ಎಂದು ಷರಾ ಬರೆದುಬಿಟ್ಟರು. ನನ್ನ ಭಾವನಂತೂ ಬಾಯಲ್ಲಿ ಹೇಳಿ ಸುಮ್ಮನಾಗಲಿಲ್ಲ. ನಾನು ಒಂದು ನಾಯ್ಸ್ ಫಿಲ್ಟರ್ ಕೊಳ್ಳುವವರೆಗೆ ಬಿಡಲಿಲ್ಲ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಲೋಹದ ಡಬ್ಬಿ, ಒಳಗೆ ಒಂದು ಕಾಯಿಲ್, ಒಂದು ಕೆಪಾಸಿಟರ್. ಹಾಕಿ ನೋಡಿದೆ. ಕುಂಯ್ ಅದನ್ನು ಕ್ಯಾರೇ ಅನ್ನಲಿಲ್ಲ.

ಪಕ್ಕದ ಮನೆಯವರ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಸದ್ದಿನ ಹುಟ್ಟೂರು ಆಲ್ಟರ್ನೇಟರೇ, ಅಂದರೆ ಇಂಜಿನ್ ಓಡುವಾಗ ಕರೆಂಟು ಮಾಡಿ ಬ್ಯಾಟರಿ ತುಂಬಿಸುವ ಯಂತ್ರ. ಅದು ಒಳಗೆ ಮಾಡುವುದು ಮೂರು ಫೇಸಿನ ಎಸಿ ಕರೆಂಟು. ಡಯೋಡ್‌ಗಳು ಅದನ್ನು ಡಿಸಿ ಮಾಡಿ ಕಳಿಸುತ್ತವೆ, ಆದರೆ ಪೂರ್ತಿ ನಯವಾಗಿ ಅಲ್ಲ. ಸಣ್ಣ ಸಣ್ಣ ಅಲೆ ಉಳಿದುಬಿಡುತ್ತದೆ. 12 ಪೋಲ್‌ನ (ಅಯಸ್ಕಾಂತದ ಧ್ರುವದ) ಆಲ್ಟರ್ನೇಟರ್ ಒಂದು ಸುತ್ತು ತಿರುಗಿದರೆ ಇಂಥ 36 ಅಲೆ. ಇಂಜಿನ್ 800 ಆರ್‌ಪಿಎಂನಲ್ಲಿ ಆರಾಮಾಗಿ ನಿಂತಿದ್ದರೂ ಬೆಲ್ಟು ಆಲ್ಟರ್ನೇಟರನ್ನು ಅದರ ಎರಡೂವರೆ ಪಟ್ಟು ಜೋರಾಗಿ ತಿರುಗಿಸುತ್ತದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಸೆಕೆಂಡಿಗೆ 1200 ಅಲೆ. 2400 ಆರ್‌ಪಿಎಂಗೆ ಹೋದರೆ 3600. ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಹೆಚ್ಚುಕಡಿಮೆ 2000ದಿಂದ 5000 ಹರ್ಟ್ಸ್ ನಡುವೆ. ಸರಿಯಾಗಿ ಅಲ್ಲೇ ಬಂದು ಕೂರುತ್ತದೆ, ಬೇಕು ಅಂತಲೇ ಮಾಡಿದ ಹಾಗೆ.

ಹಾಗಂತ ಆಲ್ಟರ್ನೇಟರ್ ಹೋಗಿರಲಿಲ್ಲ. ಮಲ್ಟಿಮೀಟರ್ ಇಟ್ಟು ನೋಡಿದೆ. ಇಂಜಿನ್ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್, ಆನ್ ಮಾಡಿದಾಗ 14.2. ಮೀಟರನ್ನು ಎಸಿಗೆ ತಿರುಗಿಸಿದರೆ ಕೆಲವೇ ಮಿಲಿವೋಲ್ಟ್. ಡಯೋಡ್ ಸುಟ್ಟಿದ್ದರೆ ಇಷ್ಟು ಕಡಿಮೆ ಬರುವುದಿಲ್ಲ. ಇದನ್ನು ತೋರಿಸಿದಾಗ ಪಕ್ಕದ ಮನೆಯವರಿಗೆ ನಿಜವಾಗಿಯೂ ಬೇಸರವಾಯಿತು. “ಇವತ್ತು ಸರಿ ಇದೆ, ನಾಳೆ ನೋಡಿ” ಅಂದರು.

ಪ್ರಶ್ನೆ ಇರುವುದು ಅಲೆ ಎಲ್ಲಿ ಹುಟ್ಟುತ್ತದೆ ಅನ್ನುವುದರಲ್ಲಿ ಅಲ್ಲ, ಹಾಡಿನ ದಾರಿಗೆ ಎಲ್ಲಿ ನುಗ್ಗುತ್ತದೆ ಅನ್ನುವುದರಲ್ಲಿ. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ನನ್ನ ಕುಂಯ್ ಅಷ್ಟೇ ಇತ್ತು. ಅಂದರೆ ಡ್ಯಾಶ್‌ಬೋರ್ಡಿನ ಸ್ಟೀರಿಯೋ, ಹೆಡ್ ಯೂನಿಟ್ ಅನ್ನುತ್ತಾರಲ್ಲ, ಅದರ ವಾಲ್ಯೂಮ್ ದಾಟಿದ ಮೇಲೆ ಎಲ್ಲೋ ಸೇರಿಕೊಳ್ಳುತ್ತಿದೆ. ಆಂಪ್‌ನಿಂದ ಆರ್‌ಸಿಎ ಪಿನ್ನು ಕಿತ್ತರೆ ಸದ್ದು ಬಂದ್. ಹಾಗಾದರೆ ಆಂಪ್ ಒಳ್ಳೆಯದೇ, ಕಳ್ಳಮಾರ್ಗ ಕೇಬಲ್‌ನಲ್ಲಿದೆ. ಚಾರ್ಜರ್‌ಗೆ ಸಿಕ್ಕಿಸದ ಫೋನನ್ನು ನೇರ ಆಂಪ್‌ಗೆ ಜೋಡಿಸಿದೆ. ಹಾಡು ಶುದ್ಧ. ಫೋನಿಗೂ ಕಾರಿನ ಬಾಡಿಗೂ ಸಂಬಂಧವೇ ಇಲ್ಲವಲ್ಲ!

ಕಾರಿನಲ್ಲಿ ನೆಗೆಟಿವ್ ಅಂತ ಎಲ್ಲದಕ್ಕೂ ಬೇರೆ ಬೇರೆ ವೈರು ಎಳೆದಿರುವುದಿಲ್ಲ. ಇಡೀ ಬಾಡಿಯೇ ನೆಗೆಟಿವ್. ಹೆಡ್‌ಲೈಟು, ಫ್ಯಾನು, ಪೆಟ್ರೋಲ್ ಪಂಪು, ಎಲ್ಲದರ ಕರೆಂಟೂ ಅದೇ ತಗಡಿನಲ್ಲಿ ಮನೆಗೆ ಮರಳುತ್ತದೆ. ಹಾಗಾಗಿ ಡ್ಯಾಶ್‌ಬೋರ್ಡ್ ಹತ್ತಿರದ ಸೊನ್ನೆ ವೋಲ್ಟೂ ಡಿಕ್ಕಿಯ ಸೊನ್ನೆ ವೋಲ್ಟೂ ಒಂದೇ ಅಲ್ಲ. ಮಧ್ಯೆ ಒಂದಿಷ್ಟು ಮಿಲಿವೋಲ್ಟ್ ವ್ಯತ್ಯಾಸ. ಹೆಡ್ ಯೂನಿಟ್ ಇಲ್ಲಿ ಅರ್ತ್ ಆಗಿದೆ, ಆಂಪ್ ಅಲ್ಲಿ ಅರ್ತ್ ಆಗಿದೆ, ಎರಡನ್ನೂ ಆರ್‌ಸಿಎ ಕೇಬಲ್‌ನ ಹೊರಕವಚ ಬೆಸೆದಿದೆ. ವ್ಯತ್ಯಾಸದ ಕರೆಂಟಿಗೆ ಇದೊಂದು ಅಡ್ಡದಾರಿ. ಇದಕ್ಕೇ ಗ್ರೌಂಡ್ ಲೂಪ್ ಅನ್ನುವುದು. ಆಂಪ್‌ಗೆ ಯಾವುದು ಹಾಡು, ಯಾವುದು ಕುಂಯ್ ಅನ್ನುವ ಭೇದಭಾವ ಇಲ್ಲ. ಬಂದದ್ದನ್ನೆಲ್ಲ ಎತ್ತಿ ಹಾಡಿಸುತ್ತದೆ.

ಆಂಪ್‌ನ ಅರ್ತ್ ಹುಡುಕಲು ಡಿಕ್ಕಿಯೊಳಗೆ ತೂರಿಕೊಂಡೆ. ತಲೆ ಒಳಗೆ, ಕಾಲು ಹೊರಗೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹೆಂಡತಿ ಮುಂದೆ ಆಕ್ಸಿಲರೇಟರ್ ಮೇಲೆ. “ಒತ್ತು... ಬಿಡು... ಇನ್ನೊಂದ್ಸಲ ಒತ್ತು...” ಒಳಗಿಂದ ನನ್ನ ಕೂಗು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ನಿಂತು, ನನ್ನ ಕಾಲುಗಳನ್ನು ನೋಡಿ, “ಏನಮ್ಮಾ, ಎಲ್ಲಾ ಸರಿ ಇದೆಯಾ?” ಅಂದರಂತೆ. “ಹಾಡು ಕೇಳ್ತಿದ್ದಾರೆ” ಅಂದಳಂತೆ ಇವಳು.

ಕಾರ್ಪೆಟ್ ಎತ್ತಿದರೆ ಸಿಕ್ಕಿತು. ಕಪ್ಪು ವೈರು, ತುದಿಯಲ್ಲಿ ಉಂಗುರ, ಉಂಗುರದ ಮೇಲೆ ಹೊಳೆಯುವ ಹೊಸ ಸ್ಕ್ರೂ. ಬಿಚ್ಚಿದೆ. ಉಂಗುರದ ಅಡಿಯಲ್ಲಿ ಕಾರ್ಖಾನೆಯಿಂದ ಬಂದ ಪೇಂಟ್ ಒಂದು ಗೀರೂ ಇಲ್ಲದೆ ನಳನಳಿಸುತ್ತಿತ್ತು! ಪೇಂಟಿನ ಮೇಲೆ ಅರ್ತ್ ಕೊಟ್ಟಿದ್ದ ಮಹಾನುಭಾವ. ತಗಡನ್ನು ಮುಟ್ಟುತ್ತಿದ್ದದ್ದು ಸ್ಕ್ರೂವಿನ ಎಳೆಗಳಷ್ಟೇ. ಆಂಪ್‌ಗೆ ಬೇಕಾದ ಕರೆಂಟೆಲ್ಲ ಆ ಒಂದೆರಡು ಎಳೆ ಹಿಡಿದು ಹೋಗಬೇಕು. ಜತೆಗೆ ವೈರು ಒಂದು ಮಾರು ಉದ್ದ. ಅರ್ತ್ ವೈರು ಗಿಡ್ಡ ಇದ್ದಷ್ಟೂ ಒಳ್ಳೆಯದು, ಅರ್ಧ ಮೀಟರ್ ದಾಟಬಾರದು ಅನ್ನುತ್ತಾರೆ.

ಬ್ಯಾಟರಿ ಕಡೆಯ ಫ್ಯೂಸ್ ತೆಗೆದಿಟ್ಟು, ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿದೆ. ಮೊದಲು ಬಣ್ಣ ಹೋಯಿತು, ಆಮೇಲೆ ಬೂದಿಬಣ್ಣದ ಪ್ರೈಮರ್, ಕೊನೆಗೆ ಬೆಳ್ಳಗೆ ತಗಡು. ವೈರು ಮೊಟಕು ಮಾಡಿ, ಬಿಗಿದು, ತುಕ್ಕು ಹಿಡಿಯದಿರಲಿ ಎಂದು ಮೇಲೆ ಗ್ರೀಸ್ ಬಳಿದೆ. ಫ್ಯೂಸ್ ಹಾಕಿ ಇಂಜಿನ್ ಆನ್ ಮಾಡಿದೆವು. ವಾಲ್ಯೂಮ್ ಸೊನ್ನೆ. ಕುಂಯ್ ಇಲ್ಲ! ವಾಲ್ಯೂಮ್ ಏರಿಸಿದೆವು. ಕುಂಯ್ ಇದೆ! ಮೊದಲಿಗಿಂತ ಸಣ್ಣದು.

ಹೆಂಡತಿ ಕಾರಿನಿಂದಿಳಿದು ಮನೆಯೊಳಗೆ ಹೋದಳು. ನನಗೆ ಮಾತ್ರ ಖುಷಿ. ಏಕೆಂದರೆ ಈ ಸದ್ದು ವಾಲ್ಯೂಮ್‌ನ ಮಾತು ಕೇಳುತ್ತಿತ್ತು. ಅಂದರೆ ಇದು ವಾಲ್ಯೂಮ್‌ಗಿಂತ ಮುಂಚೆಯೇ ಸೇರಿಕೊಳ್ಳುವ ಬೇರೆ ಗಿರಾಕಿ. ಇಷ್ಟು ದಿನ ದೊಡ್ಡದರ ಮರೆಯಲ್ಲಿ ಅಡಗಿತ್ತು. ಫೋನಿನ ಚಾರ್ಜರ್ ಕಿತ್ತೆ. ಮಾಯ. ಫೋನು ಚಾರ್ಜಿಗೂ ಸಿಕ್ಕಿಸಿದೆ, ಅದರ ಹಾಡನ್ನು ಸ್ಟೀರಿಯೋಗೆ ಒಯ್ಯುವ ಆಕ್ಸ್ ವೈರಿಗೂ ಸಿಕ್ಕಿಸಿದೆ, ಅಲ್ಲೊಂದು ಪುಟ್ಟ ಗ್ರೌಂಡ್ ಲೂಪ್. ಎರಡು ಸಣ್ಣ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಮಧ್ಯೆ ಹಾಕಿದರೂ ಆಗುತ್ತದೆ. ನಾನು ಆಕ್ಸ್ ವೈರನ್ನೇ ಬಿಟ್ಟು ಬ್ಲೂಟೂತ್‌ಗೆ ಹೋದೆ. ವೈರೇ ಇಲ್ಲದ ಮೇಲೆ ಲೂಪ್ ಎಲ್ಲಿಂದ, ಅಲ್ವಾ?

ಕೆಲಸಕ್ಕೆ ಬಾರದ ಫಿಲ್ಟರ್ ಡಬ್ಬಿಯನ್ನು ಭಾವ ಕೇಳಿ ತೆಗೆದುಕೊಂಡು ಹೋದರು. ಅವರ ಕಾರಿನಲ್ಲಿ ಎಫ್‌ಎಂ ಹಾಕಿದರೆ ಚರಚರ ಅನ್ನುತ್ತದೆ. ಅದು ಡ್ಯಾಶ್‌ಕ್ಯಾಮ್‌ನ ಚಾರ್ಜರ್ ಆಂಟೆನಾಕ್ಕೆ ಮಾಡುತ್ತಿರುವ ಕಿತಾಪತಿ, ಚಾರ್ಜರ್ ಕಿತ್ತರೆ ನಿಲ್ಲುವುದನ್ನು ನಾನೇ ತೋರಿಸಿದ್ದೇನೆ. ಸ್ಟೀರಿಯೋದ ಪವರ್ ವೈರಿಗೆ ಹಾಕುವ ಫಿಲ್ಟರ್ ಗಾಳಿಯಲ್ಲಿ ಬರುವ ಸದ್ದನ್ನು ಹೇಗೆ ತಡೆದೀತು? ಬಿಡಿಸಿ ಹೇಳಿದೆ. ತಲೆಯಾಡಿಸಿದರು. ಹಾಕಿಸಿಕೊಂಡೇಬಿಟ್ಟರು. ಮೊನ್ನೆ ಅವರ ಕಾರಿನಲ್ಲಿ ಕೂತಿದ್ದೆ, ಎಫ್‌ಎಂ ಚರಚರ ಅನ್ನುತ್ತಲೇ ಇತ್ತು. ಭಾವ ವಾಲ್ಯೂಮ್ ಏರಿಸಿ ನನ್ನ ಕಡೆ ತಿರುಗಿ, “ನೋಡ್ದ್ಯಾ, ಬೇಸ್ ಎಷ್ಟು ಸುಧಾರಿಸಿದೆ!” ಅಂದರು.