ಅಜ್ಜಿಗೂ ಒಂದು ಸಬ್‌ಸ್ಕ್ರಿಪ್ಷನ್

ಮಗುವನ್ನು ಕೂರಿಸಿದರೆ ಈ ತಳ್ಳುಗಾಡಿ ತಾನಾಗಿ ಹೋಗುವುದಿಲ್ಲ. ಮಗುವನ್ನು ನೀವು ಎತ್ತಿಕೊಂಡರೆ ಮಾತ್ರ ತಾನಾಗಿ ಹೋಗುತ್ತದೆ. ನೀವು ಓದಿದ್ದು ಸರಿಯಾಗಿಯೇ ಇದೆ. 2023ರಲ್ಲಿ ಲಾಸ್ ವೇಗಸ್‌ನ ಸಿಇಎಸ್ ಎಂಬ ಎಲೆಕ್ಟ್ರಾನಿಕ್ ಸಾಮಾನುಗಳ ಮೇಳದಲ್ಲಿ ಕೆನಡಾದ ಗ್ಲುಕ್ಸ್‌ಕೈಂಡ್ ಎಂಬ ಕಂಪನಿ ಇದನ್ನು ತೋರಿಸಿತು. ಆಗ ಬೆಲೆ ಸುಮಾರು 3,300 ಡಾಲರ್. ನಮ್ಮ ಲೆಕ್ಕದಲ್ಲಿ ಎರಡೂವರೆ ಲಕ್ಷ ರೂಪಾಯಿಗೂ ಜಾಸ್ತಿ. ಮಗು ಒಳಗಿದ್ದಾಗ ಗಾಡಿ ತನ್ನ ಪಾಡಿಗೆ ಓಡಿದರೆ ಅಪಾಯ ಅಲ್ವಾ, ಅದಕ್ಕೇ ಈ ಏರ್ಪಾಡು. ಯೋಚಿಸಿಯೇ ಮಾಡಿದ್ದಾರೆ. ನೀವು ಬೆವರು ಸುರಿಸುತ್ತಾ ಕೂಸನ್ನು ಹೊತ್ತು ಗುಡ್ಡ ಹತ್ತಬೇಕು, ಗಾಡಿ ದಿಬ್ಬಣದ ಹಿಂದೆ ಬರುವ ಖಾಲಿ ಜೀಪಿನ ಹಾಗೆ ಆರಾಮಾಗಿ ಬರುತ್ತದೆ.

ಸಿಇಎಸ್ ಸಣ್ಣ ಸಂತೆಯೇನಲ್ಲ. 1967ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಗಿದ್ದು, ಈಗ ಪ್ರತಿ ಜನವರಿ ಲಾಸ್ ವೇಗಸ್‌ನಲ್ಲಿ ನಡೆಯುತ್ತದೆ. ವೀಡಿಯೊ ಕ್ಯಾಸೆಟ್ ಹಾಕುವ ವಿಸಿಆರ್ ಜನರ ಕಣ್ಣಿಗೆ ಬಿದ್ದಿದ್ದು ಈ ಮೇಳದಲ್ಲೇ, 1970ರಲ್ಲಿ. ಟೀವಿ, ಕ್ಯಾಮೆರಾ, ಫೋನು ಎಲ್ಲ ಮಾರಿ ಮುಗಿದ ಮೇಲೆ ಅವರ ಕಣ್ಣು ಸಂಸಾರದ ಮೇಲೆ ಬಿದ್ದಿದೆ. 'ಫ್ಯಾಮಿಲಿ ಫ್ರೆಂಡ್ಲಿ' ಎಂಬ ಬೋರ್ಡಿನ ಕೆಳಗೆ ಏನೇನು ಇಟ್ಟಿದ್ದಾರೆ ಎಂದು ನೋಡುತ್ತಾ ಹೋದರೆ ಒಂದು ವಿಷಯ ಗೊತ್ತಾಗುತ್ತದೆ. ಅವರು ಮಾರುತ್ತಿರುವುದು ಯಂತ್ರವನ್ನಲ್ಲ, ನೆಂಟರನ್ನು. ಅಜ್ಜಿ, ಅಜ್ಜ, ಚಿಕ್ಕಪ್ಪ, ಅತ್ತೆ, ಎಲ್ಲರನ್ನೂ ಬಿಡಿಬಿಡಿಯಾಗಿ, ಪ್ಲಗ್ ಸಮೇತ.

ಜನವರಿ ಎಂದರೆ ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವ ಕಾಲ. ಬೆಂಗಳೂರಿನಲ್ಲಿರುವ ನಮ್ಮ ಹುಡುಗ ಈ ಮೇಳದ ವೀಡಿಯೊಗಳನ್ನು ಒಂದರ ಹಿಂದೊಂದು ಕಳಿಸುತ್ತಾನೆ. ಸುಲಿಯುವವರೆಲ್ಲ ಕೂತು ನೋಡುತ್ತಾರೆ. ತಮಾಷೆಯ ವೀಡಿಯೊ ಎಂದೇ ಅವರು ತಿಳಿದಿದ್ದಾರೆ. ಹುಡುಗನಿಗೆ ಬೇಜಾರು.

ಮೊದಲು ಅಜ್ಜಿಯ ವಿಷಯ. ಹಾರ್ವಿ ಕಾರ್ಪ್ ಎಂಬ ಅಮೆರಿಕದ ಮಕ್ಕಳ ವೈದ್ಯರು ಸ್ನೂ ಎಂಬ ತೊಟ್ಟಿಲು ಮಾಡಿದ್ದಾರೆ. ಮಗು ಅತ್ತರೆ ತೊಟ್ಟಿಲಿಗೆ ಕೇಳಿಸುತ್ತದೆ. ಅದು ತಾನೇ ತೂಗುತ್ತದೆ, ಶ್ ಎಂದು ಸದ್ದನ್ನೂ ಮಾಡುತ್ತದೆ. ಅಳು ಜೋರಾದರೆ ತೂಗುವುದೂ ಜೋರು. ಬೆಲೆ 1,700 ಡಾಲರ್ ಹತ್ತಿರ. ಅಲ್ಲಿಗೆ ಮುಗಿಯಲಿಲ್ಲ. 2024ರಲ್ಲಿ ಕಂಪನಿ ಅದರ ಕೆಲವು ಸೌಲಭ್ಯಗಳಿಗೆ ತಿಂಗಳಿಗೆ 20 ಡಾಲರ್ ಚಂದಾ ಇಟ್ಟಿತು. ಮೊದಲು ಪುಕ್ಕಟೆ ಇದ್ದವಕ್ಕೇ.

ನಮ್ಮಲ್ಲಿ ಇದೇ ಕೆಲಸ ಹೇಗೆ ನಡೆಯುತ್ತದೆ ಎಂದು ಆ ಕಂಪನಿಗೆ ಯಾರಾದರೂ ಹೇಳಬೇಕು. ಅಜ್ಜಿ ಮೆಟ್ಟುಗತ್ತಿಯ ಮೇಲೆ ಒಂದು ಕಾಲಿಟ್ಟು ಅಡಿಕೆ ಸುಲಿಯುತ್ತಾಳೆ. ಇನ್ನೊಂದು ಕಾಲಿನ ಹೆಬ್ಬೆರಳಿಗೆ ತೊಟ್ಟಿಲ ಹಗ್ಗ. ಬಾಯಲ್ಲಿ ಜೋಗುಳ, ನಡುನಡುವೆ ಸೊಸೆಗೆ ಬೈಗುಳ. ನಾಲ್ಕು ಕೆಲಸ ಒಟ್ಟಿಗೆ. ಅಳು ಹಸಿವೆಗೋ, ಹೊಟ್ಟೆನೋವಿಗೋ, ಸುಮ್ನೆ ಹಠಕ್ಕೋ ಎಂದು ತಿರುಗಿ ನೋಡದೇ ಹೇಳುತ್ತಾಳೆ. ಚಾರ್ಜು ಮಾಡುವುದು ದಿನಕ್ಕೆ ಎರಡು ಸಲ, ಕಾಫಿಯಿಂದ. ಆದರೆ ಈ ಮಾದರಿಯಲ್ಲಿ ದೊಡ್ಡ ದೋಷ ಒಂದಿದೆ. ಆಫ್ ಮಾಡಲು ಬಟನ್ ಇಲ್ಲ. ಮಗು ಮಲಗಿದ ಮೇಲೂ ಬೈಗುಳದ ಫೀಚರ್ ಚಾಲೂ ಇರುತ್ತದೆ. ಅದಕ್ಕೆ ಪ್ರೀಮಿಯಂ ಚಂದಾ ಕಟ್ಟಿದರೂ ಪ್ರಯೋಜನವಿಲ್ಲ ಎಂದು ಸೊಸೆ ಹೇಳುತ್ತಾಳೆ.

ಅಜ್ಜನ ಬದಲಿಗೆ ಜಪಾನಿನಿಂದ ಬೆಕ್ಕು ಬಂದಿದೆ. ಯುಕಾಯ್ ಎಂಜಿನಿಯರಿಂಗ್ ಎಂಬ ಕಂಪನಿ 2025ರ ಮೇಳದಲ್ಲಿ ತೋರಿಸಿದ ಪುಟ್ಟ ಬೆಕ್ಕಿನ ರೋಬೋ. ಲೋಟದ ಅಂಚಿಗೆ ನೇತುಹಾಕಿದರೆ ಬಿಸಿ ಟೀಯನ್ನು ಉಫ್ ಉಫ್ ಎಂದು ಊದಿ ಆರಿಸುತ್ತದೆ. ಒಂದೇ ಸಮ ಫ್ಯಾನಿನ ಹಾಗಲ್ಲ, ಮನುಷ್ಯರ ಹಾಗೆ ಬಿಟ್ಟು ಬಿಟ್ಟು ಊದುತ್ತದಂತೆ. ನಮ್ಮ ಅಜ್ಜಂದಿರು ಕಷಾಯವನ್ನು ಬಸಿಗೆ ಸುರಿದು ಮೊಮ್ಮಕ್ಕಳಿಗೆ ಊದಿಕೊಡುತ್ತಾರೆ, ಅದಕ್ಕೆ ಯುಎಸ್‌ಬಿ ಕೇಬಲ್ ಬೇಕಾಗಿಲ್ಲ. ಆದರೂ ಬೆಕ್ಕಿನ ಪರವಾಗಿ ಒಂದು ಮಾತು ಹೇಳಲೇಬೇಕು. ಅದು ಎಲೆಅಡಿಕೆಯ ಕವಳ ಹಾಕುವುದಿಲ್ಲ. ಬಾಯಿ ತುಂಬ ಕವಳ ಇಟ್ಟುಕೊಂಡ ಅಜ್ಜ ಊದಿದ ಕಷಾಯ ಕುಡಿದವರಿಗೆ ಜಪಾನೀಯರ ಕಾಳಜಿ ಅರ್ಥವಾದೀತು.

ಬಟ್ಟೆ ಮಡಚುವ ಯಂತ್ರಗಳ ಕತೆ ಇನ್ನೂ ಚಂದ. ಫೋಲ್ಡಿಮೇಟ್ ಎಂಬ ಯಂತ್ರಕ್ಕೆ ಒಂದೊಂದು ಬಟ್ಟೆಯನ್ನೂ ನೀವೇ ಬಿಡಿಸಿ, ಕ್ಲಿಪ್ಪಿಗೆ ಸಿಕ್ಕಿಸಿ ಕೊಡಬೇಕಿತ್ತು. ಕಾಲುಚೀಲ, ಒಳಉಡುಪು ಅದಕ್ಕೆ ಆಗುತ್ತಿರಲಿಲ್ಲ. ಜಪಾನಿನ ಲಾಂಡ್ರಾಯ್ಡ್ ಬೀರುವಿನಷ್ಟು ದೊಡ್ಡದು. ಒಂದು ಅಂಗಿ ಮಡಚಲು ಐದರಿಂದ ಹತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಅದರ ಕಂಪನಿ 2019ರಲ್ಲಿ ದಿವಾಳಿಯಾಯಿತು. ಫೋಲ್ಡಿಮೇಟೂ ಆಮೇಲೆ ಬಾಗಿಲು ಹಾಕಿತು.

ಅವರು ಒಂದು ಜೂನ್ ತಿಂಗಳು ಆಗುಂಬೆಗೆ ಬಂದಿದ್ದರೆ ಇಷ್ಟು ದುಡ್ಡು ಹೋಗುತ್ತಿರಲಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಲ್ಲಿ ಬಟ್ಟೆ ಮಡಚುವುದು ಯಾರಿಗೂ ಸಮಸ್ಯೆ ಅಲ್ಲ. ಮಡಚಬೇಕಾದರೆ ಮೊದಲು ಒಣಗಬೇಕಲ್ಲ ಮಾರಾಯ್ರೇ! ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ, ಹೊಗೆ ಹಾಕಿ, ಮೂರನೇ ದಿನಕ್ಕೆ ಒಂದು ಯೂನಿಫಾರ್ಮ್ ಅರೆಬರೆ ಒಣಗಿದರೆ ಪುಣ್ಯ. ಮಳೆಗಾಲದಲ್ಲಿ ಇಡೀ ಕ್ಲಾಸಿಗೆ ಹೊಗೆಯದೇ ಸೆಂಟು.

ಅತ್ತೆಯ ಪಾತ್ರ ಫ್ರಿಜ್ಜಿಗೆ ಸಿಕ್ಕಿದೆ. ಸ್ಯಾಮ್‌ಸಂಗ್ 2016ರ ಮೇಳದಲ್ಲಿ ಫ್ಯಾಮಿಲಿ ಹಬ್ ಎಂಬ ಫ್ರಿಜ್ ತಂದಿತು. ಬಾಗಿಲಲ್ಲಿ ದೊಡ್ಡ ಸ್ಕ್ರೀನ್, ಒಳಗೆ ಕ್ಯಾಮೆರಾ. ಒಳಗೆ ಏನಿದೆ ಎಂದು ಅಂಗಡಿಯಲ್ಲಿ ನಿಂತು ಫೋನಲ್ಲೇ ನೋಡಬಹುದು. ನಮ್ಮ ಫ್ರಿಜ್ಜಿನಲ್ಲಿ ಐಸ್‌ಕ್ರೀಮ್ ಡಬ್ಬಿಯೊಳಗೆ ದೋಸೆ ಹಿಟ್ಟು, ಹಾರ್ಲಿಕ್ಸ್ ಬಾಟಲಿಯೊಳಗೆ ಜೋನಿಬೆಲ್ಲ, ಜೇನಿನ ಬಾಟಲಿಯೊಳಗೆ ಏನೋ ಬೇರಿನ ಎಣ್ಣೆ ಇರುತ್ತದೆ. ಯಾವ ಕ್ಯಾಮೆರಾ ಬಂದರೂ ಈ ಮನೆಯಲ್ಲಿ ಭಾರೀ ಶ್ರೀಮಂತಿಕೆ ಇದೆ ಎಂದೇ ವರದಿ ಕೊಟ್ಟೀತು. 2025ರಲ್ಲಿ ಅದೇ ಫ್ರಿಜ್ ಅಮೆರಿಕದಲ್ಲಿ ಬಾಗಿಲ ಮೇಲೆ ಜಾಹೀರಾತು ತೋರಿಸಲು ಶುರು ಮಾಡಿತು. ಲಕ್ಷಗಟ್ಟಲೆ ಕೊಟ್ಟು ತಂದು, ಮಜ್ಜಿಗೆ ತೆಗೆಯಲು ಹೋದಾಗ ಅದು ಇನ್ಯಾರದೋ ಸಾಮಾನು ಕೊಳ್ಳಲು ಹೇಳುವುದು! ಊರಿಗೆ ಬಂದ ಅತ್ತೆ ಎಲ್‌ಐಸಿ ಪಾಲಿಸಿ ಫಾರಂ ತೆಗೆದಾಗ ಆಗುವ ಸಂಕಟ ಗೊತ್ತಿದ್ದವರಿಗೆ ಇದು ಹೊಸದೇನಲ್ಲ.

2013ರ ಮೇಳದಲ್ಲಿ ಮಕ್ಕಳ ಕಕ್ಕಸು ಕುರ್ಚಿಗೆ ಐಪ್ಯಾಡ್ ಸಿಕ್ಕಿಸುವ ಐಪಾಟಿ ಇತ್ತು. ಅದನ್ನು ಬಿಡಿ, ಊಟದ ಹೊತ್ತು.

ಚಿಕ್ಕಪ್ಪನ ಕತೆ ಮಾತ್ರ ನಗು ತರಿಸುವುದಿಲ್ಲ. ಮಾಕ್ಸಿ ಎಂಬ ರೋಬೋ ಮಕ್ಕಳ ಜೊತೆ ಮಾತಾಡುತ್ತಿತ್ತು, ಕತೆ ಹೇಳುತ್ತಿತ್ತು, ಬೇಜಾರಾದರೆ ಕೇಳುತ್ತಿತ್ತು. ಬೆಲೆ 800 ಡಾಲರ್. ಅದರ ಬುದ್ಧಿ ಇದ್ದಿದ್ದು ಎಲ್ಲೋ ದೂರದ ಕಂಪ್ಯೂಟರಿನಲ್ಲಿ. 2024ರ ಡಿಸೆಂಬರಿನಲ್ಲಿ ಕಂಪನಿಗೆ ಬಂಡವಾಳ ಸಿಗಲಿಲ್ಲ, ಮುಚ್ಚುತ್ತೇವೆ ಎಂದಿತು. ನಿನ್ನ ಗೆಳೆಯ ಇನ್ನು ಮಾತಾಡದೇ ಹೋಗಬಹುದು ಎಂದು ಮಕ್ಕಳಿಗೆ ಹೇಳುವ ಕೆಲಸ ಅಪ್ಪ ಅಮ್ಮನ ಪಾಲಿಗೆ ಬಂತು. ನಮ್ಮ ಚಿಕ್ಕಪ್ಪಂದಿರು ಸೋಮಾರಿಗಳಿರಬಹುದು, ಇಸ್ಪೀಟಿನಲ್ಲಿ ಸೋತು ಬಂದಿರಬಹುದು. ಆದರೆ ಫಂಡಿಂಗ್ ನಿಂತಿತು ಎಂದು ಮಗುವಿನ ಹತ್ತಿರ ಮಾತು ಬಿಟ್ಟವರಿಲ್ಲ.

ಇವೆಲ್ಲಕ್ಕೂ ಬೇಕಾಗಿದ್ದು ಎರಡು, ಕರೆಂಟ್ ಮತ್ತು ನೆಟ್‌ವರ್ಕ್. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಊರು ಮುಳುಗಿಸಿ ಇಡೀ ರಾಜ್ಯಕ್ಕೆ ಬೆಳಕು ಕೊಟ್ಟ ಜಿಲ್ಲೆ ನಮ್ಮದು. ಒಂದು ಗಾಳಿ ಬೀಸಿ ಒಂದು ಮರ ಬಿದ್ದರೆ ನಮ್ಮ ಹಳ್ಳಿಗಳಲ್ಲಿ ದೀಪ ಬರುವುದು ಯಾವಾಗ ಎಂದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ನೆಟ್‌ವರ್ಕ್ ಸಂಗತಿ ಕೇಳಲೇಬೇಡಿ. ಕೊರೊನಾ ಕಾಲದಲ್ಲಿ ಮಕ್ಕಳು ಕೊಡೆ ಹಿಡಿದು ಗುಡ್ಡದ ತುದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳಿದರು. 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂದು ಬೋರ್ಡು ಬರೆದವರೂ ನಾವೇ. ಹಾಗಾಗಿ ಸ್ಮಾರ್ಟ್ ತೊಟ್ಟಿಲು ಬಂದರೆ ಅದನ್ನೂ ಆ್ಯಪ್ ಸಿಗುವ ಗುಡ್ಡಕ್ಕೇ ಹೊರಬೇಕು. ಅಲ್ಲಿಯ ತಂಪು ಗಾಳಿಗೆ ಮಗು ಹೇಗೂ ಮಲಗಿರುತ್ತದೆ. ಆ್ಯಪ್ ತೆರೆದು ಮಲಗಿದೆ ಎಂದು ಖಾತ್ರಿ ಮಾಡಿಕೊಳ್ಳಬಹುದು.

ನಿಜಕ್ಕೂ ಸಂಸಾರ ಉಳಿಸಿದ ಒಂದು ಸಾಮಾನು ನಮ್ಮಲ್ಲಿದೆ, ಕಾರ್ಬನ್ ಫೈಬರ್ ದೋಟಿ. ನೆಲದ ಮೇಲೆ ನಿಂತೇ ಅಡಿಕೆ ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಗಂಡ ಮರದಿಂದ ಬಿದ್ದಾನೆ ಎಂಬ ಹೆದರಿಕೆ ಎಷ್ಟೋ ಮನೆಗಳಲ್ಲಿ ಕಡಿಮೆಯಾಗಿದೆ. ಇದಕ್ಕೆ ಆ್ಯಪ್ ಇಲ್ಲ, ಜಾಹೀರಾತು ತೋರಿಸಲು ಜಾಗವಿಲ್ಲ, ತಿಂಗಳ ಚಂದಾ ಹಾಕಲು ದಾರಿಯಿಲ್ಲ. ಲಾಸ್ ವೇಗಸ್‌ನಲ್ಲಿ ಇದಕ್ಕೆ ಬಾಗಿಲಲ್ಲೇ ಕೈಮುಗಿದು ಕಳಿಸುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೂ ಸುಲಿಯುವ ಚಪ್ಪರದಲ್ಲಿ ಒಂದು ಸಾಮಾನಿಗೆ ಗಿರಾಕಿ ಹುಟ್ಟಿದರು. ಜಪಾನಿನ ಕಿರಿನ್ ಕಂಪನಿಯ ಕರೆಂಟ್ ಚಮಚ. ಸಣ್ಣದಾಗಿ ವಿದ್ಯುತ್ ಹರಿಸಿ, ಕಡಿಮೆ ಉಪ್ಪಿನ ಊಟವನ್ನೂ ನಾಲಿಗೆಗೆ ಜಾಸ್ತಿ ಉಪ್ಪಾಗಿ ಕಾಣಿಸುತ್ತದೆ. ಜಪಾನಿನಲ್ಲಿ 2024ರಲ್ಲಿ 19,800 ಯೆನ್‌ಗೆ ಮಾರಾಟಕ್ಕೆ ಬಂತು, ಮರುವರ್ಷ ಮೇಳಕ್ಕೂ ಹೋಯಿತು. ನಮ್ಮ ಚಿಕ್ಕಮ್ಮ ಮೆಟ್ಟುಗತ್ತಿ ಬಿಟ್ಟು ಎದ್ದುಬಂದು ವೀಡಿಯೊ ಎರಡು ಸಲ ನೋಡಿದರು. ಚಿಕ್ಕಪ್ಪನಿಗೆ ಬಿಪಿ. ಸಾರಿಗೆ ಉಪ್ಪಿಲ್ಲ ಎಂದು ದಿನಾ ರಂಪ. ಅವರು ಕೈಯಲ್ಲಿ ಉಣ್ಣುವವರು, ಚಮಚ ಹಿಡಿಯುತ್ತಾರಾ ಎಂಬುದೇ ಅನುಮಾನ. ಆಶ್ಚರ್ಯವೆಂದರೆ ಅವರೂ ಒಪ್ಪಿದರು, ಒಂದು ಶರತ್ತು ಹಾಕಿ. ಸಾರು, ಹುಳಿ, ಪಲ್ಯ, ಎಲ್ಲಕ್ಕೂ ಉಪ್ಪು ಕಡಿಮೆ ಮಾಡಬಹುದು. ಎಲೆಯ ತುದಿಯ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ಅದಕ್ಕೆ ಜಿಐ ಟ್ಯಾಗ್ ಇದೆ, ಬಿಪಿಗೆ ಇಲ್ಲ ಎಂಬುದು ಅವರ ವಾದ.