ರವಿಕೆ ಕಣಕ್ಕೂ ಒಂದು ಕಾಲ

ನಮ್ಮನೆ ಬೀರುವಿನ ಕೆಳಖಾನೆಯಲ್ಲಿ ಒಂದು ಗಂಟಿದೆ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟ ರವಿಕೆ ಕಣಗಳು. ಅವನ್ನು ಯಾರೂ ಹೊಲಿಸುವುದಿಲ್ಲ. ಅಳತೆಗೆ ಸಾಲುವುದಿಲ್ಲ, ಬಣ್ಣ ಯಾವ ಸೀರೆಗೂ ಒಪ್ಪುವುದಿಲ್ಲ. ರಾಜಾಜಿನಗರದಿಂದ ಜಯನಗರಕ್ಕೆ, ಅಲ್ಲಿಂದ ಮೈಸೂರಿಗೆ, ಮೈಸೂರಿನಿಂದ ತಿರುಗಿ ನಮ್ಮನೆಗೇ ಬರುವುದು ಅವುಗಳ ಹಣೆಬರಹ. 2020ರಲ್ಲಿ ಕೊರೊನಾ ಬಂದು ಅವಕ್ಕೂ ಶುಕ್ರದೆಸೆ ಬಂತು.

ಆ ಮಾರ್ಚ್ 21ರಂದು ಕೇಂದ್ರ ಸರ್ಕಾರ ಮೂರು ಪದರದ ಮಾಸ್ಕಿಗೆ 10 ರೂಪಾಯಿ ದಾಟಬಾರದೆಂದು ಬೆಲೆ ಕಟ್ಟಿತು. ಬೆಲೆ ನಿಂತಿತು, ಮಾಸ್ಕು ಅಂಗಡಿ ಬಿಟ್ಟು ಓಡಿತು. ಏಪ್ರಿಲ್ ಮೊದಲ ವಾರಕ್ಕೆ, ಮನೆಯಲ್ಲೇ ಮಾಡಿಕೊಳ್ಳಿ ಎಂಬ ಸಲಹೆಯೂ ಬಂತು. ಹತ್ತಿ ಬಟ್ಟೆಯಾಗಬೇಕು, ಹೊಲಿಯುವ ಮೊದಲು ಕುದಿಯುವ ನೀರಿಗೆ ಉಪ್ಪು ಹಾಕಿ ಐದು ನಿಮಿಷ ತೊಳೆಯಬೇಕು.

"ಒಗ್ಗರಣೆ ಬೇಡವಂತೇನೇ?" ಎಂದರು ನಮ್ಮತ್ತೆ.

ಬಟ್ಟೆ ಬೆಂದಿತು, ಹೊಲಿಗೆ ಮಿಷನ್ನಿಗೆ ಎಣ್ಣೆ ಬಿತ್ತು, ಇಲಾಸ್ಟಿಕ್ ಮಾತ್ರ ಸಿಗಲಿಲ್ಲ. ಲಾಕ್‌ಡೌನಿನಲ್ಲಿ ಹಾಲಿನ ಬೂತು ತೆರೆದಿತ್ತು, ಫ್ಯಾನ್ಸಿ ಸ್ಟೋರು ಮುಚ್ಚಿತ್ತು. ಮೊದಲು ಲಂಗದ ಲಾಡಿಗಳು ಹೋದವು, ಆಮೇಲೆ ಮಗನ ಹಳೇ ಚಡ್ಡಿಗಳು. ನಮ್ಮ ಯಜಮಾನರು ಕಿವಿಗೆ ಸಿಕ್ಕಿಸಿಕೊಂಡು "ಆಹಾ, ಎಷ್ಟು ಮೆತ್ತಗಿದೆ" ಎಂದರು. ಮೂಲ ಯಾವುದೆಂದು ಇವತ್ತಿಗೂ ನಾನು ಬಾಯಿ ಬಿಟ್ಟಿಲ್ಲ.

ನಾನು ಹೊಲಿದದ್ದು ಮೂಗು ಬಾಯಿಗೆ. ಜನ ಹಾಕಿಕೊಂಡದ್ದು ಗದ್ದಕ್ಕೆ. ಎದುರುಮನೆ ರಾಯರು ಮಾತಾಡಲು ಮಾಸ್ಕು ಇಳಿಸುವರು, ಸುಮ್ಮನಿರಲು ಏರಿಸುವರು. ಸೀನು ಬಂದರಂತೂ ಸರಕ್ಕನೆ ಎಳೆದು ಹೊರಗೆ ಸೀನುವರು. ಕೇಳಿದರೆ, "ಒಗೆದ ಮಾಸ್ಕಮ್ಮಾ, ಗಲೀಜಾಗತ್ತೆ!" 2021ರ ಏಪ್ರಿಲ್‌ನಲ್ಲಿ ದಿಲ್ಲಿ ಹೈಕೋರ್ಟು, ಒಬ್ಬರೇ ಕೂತ ಕಾರೂ ಸಾರ್ವಜನಿಕ ಸ್ಥಳವೇ ಎಂದಿತಲ್ಲ, ಅದು ದಿಲ್ಲಿಯದು ಎಂದರೂ ರಾಯರು ಕೇಳಲಿಲ್ಲ. ಕಾರಿನಲ್ಲಿ ಒಬ್ಬರೇ ಬಿಗಿಯಾಗಿ ಮಾಸ್ಕು ಕಟ್ಟಿಕೊಂಡು ಹೋಗಿ, ಮದುವೆ ಛತ್ರದ ಬಾಗಿಲಲ್ಲಿ ಬಿಚ್ಚಿ ಜೇಬಿಗಿಟ್ಟು, ಫೋಟೋಕ್ಕೆ ನಿಂತರು.

ಇನ್ನು ಮಾಸ್ಕು ಹಾಕದವರಿಗೆ ದಂಡ. ಮೂಗಿನ ಅಳತೆ ನನ್ನದಾದರೆ ದಂಡದ ಅಳತೆ ಆಳುವವರದು. 2020ರ ಮೇ ತಿಂಗಳಲ್ಲಿ ಬೆಂಗಳೂರು ಪಾಲಿಕೆ (ಬಿಬಿಎಂಪಿ) 1000 ರೂಪಾಯಿ ಎಂದು ಕತ್ತರಿ ಆಡಿಸಿತು. ಬಿಗಿಯಾಯಿತು ಎಂದು ಜನ ಕೂಗಿದರು. ಕೆಲವೇ ದಿನಗಳಲ್ಲಿ 200 ಆಯಿತು. ಅಕ್ಟೋಬರ್ ಹೊತ್ತಿಗೆ ರಾಜ್ಯ ಸರ್ಕಾರ ಹೊಲಿಗೆ ಬಿಚ್ಚಿ ನಗರದವರಿಗೆ 1000, ಹಳ್ಳಿಯವರಿಗೆ 500 ಎಂದು ಹೊಸದಾಗಿ ಹೊಲಿಯಿತು. ಮತ್ತೆ ಬಿಗಿ, ಮತ್ತೆ ಕೂಗು. ಹತ್ತು ದಿನ ತುಂಬುವ ಮೊದಲೇ ನಗರಕ್ಕೆ 250, ಉಳಿದೆಡೆ 100. ನಮ್ಮ ಬೀದಿಯ ಟೈಲರ್ ಹೀಗೆ ಮಾಡಿದ್ದರೆ ಬಟ್ಟೆ ವಾಪಸ್ ಇಸಕೊಂಡು ಬರುತ್ತಿದ್ದೆ.

ರೋಗ ಇಳಿಯಿತೆಂದು ದಂಡ ಇಳಿದದ್ದಲ್ಲ, ಕೂಗು ಏರಿತೆಂದು ಇಳಿದದ್ದು. ಹೋಗಲಿ, ಹಳ್ಳಿಯ ರಿಯಾಯಿತಿ ಯಾವ ಲೆಕ್ಕ? ಅದೇ ಮೂಗು, ಅದೇ ಗಾಳಿ. ಊರಾಚೆ ಹೋದರೆ ಸೀನು ಅರ್ಧ ಬೆಲೆಗೆ! ಬಸ್ಸಿನಲ್ಲಿ ಹೋಗುವವರು ಯಾವ ಸ್ಟಾಪಿನಿಂದ ಉಸಿರಾಟ ಅಗ್ಗವಾಗುತ್ತದೆಂದು ಕಂಡಕ್ಟರನ್ನೇ ಕೇಳಬೇಕಿತ್ತು.

ಇಷ್ಟಕ್ಕೂ ನಮ್ಮ ಬೀದಿಯಲ್ಲಿ ವೈರಸ್ಸಿಗೆ ಯಾರು ಹೆದರಿದರು? ಮೂಲೆಯಲ್ಲಿ ರಸೀದಿ ಪುಸ್ತಕ ಕಂಡರೆ ಸಾಕು, ಗದ್ದದ ಮೇಲಿದ್ದವೆಲ್ಲ ಒಟ್ಟಿಗೇ ಮೂಗಿಗೆ ಏರುತ್ತಿದ್ದವು. ಪುಸ್ತಕ ತಿರುವು ದಾಟಿದೊಡನೆ ಒಟ್ಟಿಗೇ ಇಳಿಯುತ್ತಿದ್ದವು. ಕವಾಯತಿನಲ್ಲೂ ಅಂಥ ಶಿಸ್ತು ನಾನು ಕಂಡಿಲ್ಲ.

2021ರ ವರಮಹಾಲಕ್ಷ್ಮಿ ಹಬ್ಬಕ್ಕೆ ನೆಂಟರ ಮನೆಗೆ ಹೋಗಿದ್ದೆ. ತಾಂಬೂಲದಲ್ಲಿ ಎಲೆ, ಅಡಿಕೆ, ಬಾಳೆಹಣ್ಣು, ಮೇಲೆ ಮಡಿಸಿಟ್ಟ ಮಾಸ್ಕು. ನೀಲಿ ಬಟ್ಟೆ, ಹಳದಿ ಹೂ. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ತಿರುಗಿಸಿದರೆ ಅಂಚಿನಲ್ಲಿ ನನ್ನದೇ ಸೊಟ್ಟ ಹೊಲಿಗೆ, ಕಿವಿಗೆ ಮಗನ ಚಡ್ಡಿಯದೇ ಇಲಾಸ್ಟಿಕ್.

ಒಗೆದು, ಇಸ್ತ್ರಿ ಮಾಡಿ ಗಂಟಿನಲ್ಲಿಟ್ಟಿದ್ದೇನೆ. ಗೌರಿ ಹಬ್ಬಕ್ಕೆ ಯಾರಿಗಾದರೂ ಆಗುತ್ತದೆ.